ಒಸಡಿನಂಚಿನ ಊರು

ಮಕ್ಕಳೇ, ಹಿರಿಯರೇ, ಈ ವಾರದ ಮಾತು ನಮ್ಮ ಮನೆಯ ಬಚ್ಚಲಿನಿಂದಲೇ ಶುರುವಾಗುತ್ತದೆ.

ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ನಾನು ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದೆ. ಏಳನೇ ತರಗತಿಯ ಮೊಮ್ಮಗಳು ಪುಟ್ಟಿ ತನ್ನ ಬ್ರಷ್ ಹಿಡಿದು ಪಕ್ಕದಲ್ಲಿ ಕಾಯುತ್ತಿದ್ದಳು. ನಾನು ಉಗುಳಿದ ನೀರು ನಸುಗೆಂಪಾಗಿತ್ತು.

"ತಾತ, ರಕ್ತ!"

"ಏನಿಲ್ಲ ಪುಟ್ಟಿ. ಆಗಾಗ ಬರುತ್ತೆ. ವಯಸ್ಸಾಯ್ತಲ್ಲ."

"ಮೊಣಕೈಯಲ್ಲಿ ಹೀಗೆ ದಿನಾ ರಕ್ತ ಬಂದಿದ್ರೆ ಸುಮ್ಮನಿರ್ತಿದ್ಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ರಕ್ತ ಬರಲು ಶುರುವಾಗಿ ಎರಡು ವರ್ಷವಾಗಿತ್ತು. ಎಡಗಡೆ ಕೆಳ ದವಡೆಯಲ್ಲಿ ಬ್ರಷ್ ತಾಗಿದರೆ ಸಾಕು, ರಕ್ತ. ಗಾಯವನ್ನು ಕೆದಕಬಾರದು ಎಂದುಕೊಂಡು ಆ ಜಾಗವನ್ನು ಉಜ್ಜುವುದನ್ನೇ ಬಿಟ್ಟಿದ್ದೆ. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದ ಮೇಷ್ಟ್ರ ಬುದ್ಧಿವಂತಿಕೆ ಇದು!

ಇದಕ್ಕೆ ಹಿನ್ನೆಲೆಯೂ ಇದೆ. ನನ್ನ ಅಮ್ಮನಿಗೆ ಐವತ್ತೈದು ತುಂಬುವ ಹೊತ್ತಿಗೆ ಬಾಯಲ್ಲಿ ಉಳಿದಿದ್ದದ್ದು ಆರೇಳು ಹಲ್ಲು. ಹಬ್ಬಕ್ಕೆ ಮನೆತುಂಬ ಚಕ್ಕುಲಿ ಕರಿದು, ತಾನು ಮಾತ್ರ ಒಂದು ಚೂರನ್ನು ಕಾಫಿಯಲ್ಲಿ ಅದ್ದಿ ಮೆತ್ತಗಾದ ಮೇಲೆ ತಿನ್ನುತ್ತಿದ್ದಳು. 'ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ' ಎಂದು ನಗುತ್ತಿದ್ದಳು. ವಯಸ್ಸಾದರೆ ಕೂದಲು ಬೆಳ್ಳಗಾಗುತ್ತದೆ, ಹಲ್ಲು ಬೀಳುತ್ತದೆ ಎಂದೇ ನಾವೆಲ್ಲ ತಿಳಿದಿದ್ದೆವು. ಅದು ಕಾಯಿಲೆ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಪುಟ್ಟಿ ಬಿಡಲಿಲ್ಲ. ಆ ಶನಿವಾರವೇ ನನ್ನನ್ನು ಹಲ್ಲಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಒಂದು ತೆಳುವಾದ ಕಡ್ಡಿ ತೆಗೆದುಕೊಂಡರು. ಅದರ ಮೇಲೆ ಸ್ಕೇಲಿನಂತೆ ಗೆರೆಗಳಿದ್ದವು. ಹಲ್ಲಿಗೂ ಒಸಡಿಗೂ ನಡುವಿನ ಸಂದಿಗೆ ಅದನ್ನು ಮೆಲ್ಲಗೆ ಇಳಿಸಿ, "ಎರಡು, ಮೂರು, ಎರಡು" ಎಂದು ಲೆಕ್ಕ ಹೇಳುತ್ತ ಹೋದರು. ಸಹಾಯಕಿ ಬರೆದುಕೊಳ್ಳುತ್ತಿದ್ದಳು. ಎಡಗಡೆಗೆ ಬಂದಾಗ ಲೆಕ್ಕ ಬದಲಾಯಿತು. "ಐದು, ಆರು, ಎಂಟು."

ಈ ಅಂಕಿಗಳ ಅರ್ಥ ಸರಳ. ಪ್ರತಿ ಹಲ್ಲಿನ ಸುತ್ತ ಒಸಡು ಒಂದು ಕಾಲರಿನಂತೆ ಕೂತಿರುತ್ತದೆ. ಹಲ್ಲಿಗೂ ಕಾಲರಿಗೂ ನಡುವೆ ಒಂದು ಸಣ್ಣ ಸಂದಿ ಎಲ್ಲರಿಗೂ ಇರುತ್ತದೆ. ಆರೋಗ್ಯವಾಗಿದ್ದರೆ ಅದರ ಆಳ ಒಂದರಿಂದ ಮೂರು ಮಿಲಿಮೀಟರ್. ನಾಲ್ಕು ದಾಟಿತೆಂದರೆ ಸಂದಿ ಜೇಬಿನಂತೆ ಆಳವಾಗುತ್ತಿದೆ ಎಂದರ್ಥ. ಎಂಟು ಎಂದರೆ, ಹಲ್ಲನ್ನು ಹಿಡಿದಿರುವ ದವಡೆಯ ಮೂಳೆ ಅಲ್ಲಿ ಬಹಳಷ್ಟು ಕರಗಿಹೋಗಿದೆ.

"ಮೇಷ್ಟ್ರೇ, ಈ ಒಂದು ದವಡೆಹಲ್ಲನ್ನು ಉಳಿಸುವುದು ಕಷ್ಟ. ಉಳಿದವನ್ನು ಉಳಿಸಿಕೊಳ್ಳೋಣ. ನಿಮ್ಮ ಕಾಲದವರು ಪಯೋರಿಯಾ ಅಂತಿದ್ದರಲ್ಲ, ಇದು ಅದೇ," ಎಂದರು ಡಾಕ್ಟರಮ್ಮ.

ಪುಟ್ಟಿ ಕೇಳಿದಳು. "ಡಾಕ್ಟ್ರೇ, ಇದು ಯಾವ ಬ್ಯಾಕ್ಟೀರಿಯಾದಿಂದ ಬರೋದು? ಕ್ಷಯಕ್ಕೆ ಒಂದು, ಕಾಲರಾಕ್ಕೆ ಒಂದು ಅಂತ ಪಾಠದಲ್ಲಿದೆ. ಇದಕ್ಕೆ ಯಾವುದು?"

ಡಾಕ್ಟರಮ್ಮ ನಕ್ಕರು. "ಒಂದಲ್ಲಮ್ಮ. ಒಂದು ಊರೇ ಇದೆ. ತಾತನ್ನ ಕೇಳು, ಹೇಳ್ತಾರೆ."

ತಾತನಿಗೂ ಪೂರ್ತಿ ಗೊತ್ತಿರಲಿಲ್ಲ. ಓದಿ ತಿಳಿದುಕೊಂಡದ್ದನ್ನು ಪುಟ್ಟಿಗೆ ಹೇಳಿದಂತೆಯೇ ನಿಮಗೂ ಹೇಳುತ್ತೇನೆ.

ಈ ಊರನ್ನು ಮೊದಲು ಕಂಡವನು ಡಾಕ್ಟರನಲ್ಲ, ಒಬ್ಬ ಬಟ್ಟೆ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಆಂಟನಿ ವಾನ್ ಲೀವೆನ್‌ಹುಕ್. ಅವನು ಬಿಡುವಿನಲ್ಲಿ ಗಾಜನ್ನು ಉಜ್ಜಿ ಪುಟ್ಟ ಮಸೂರ ಮಾಡಿ, ಕಣ್ಣಿಗೆ ಕಾಣದ್ದನ್ನು ನೋಡುವ ಹವ್ಯಾಸ ಇಟ್ಟುಕೊಂಡಿದ್ದ. 1683ರ ಸೆಪ್ಟೆಂಬರ್ 17ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಅವನೊಂದು ಪತ್ರ ಬರೆದ. ತಾನು ದಿನವೂ ಬೆಳಿಗ್ಗೆ ಉಪ್ಪು ಹಾಕಿ ಹಲ್ಲುಜ್ಜುತ್ತೇನೆ, ಬಟ್ಟೆಯಿಂದ ಒರೆಸುತ್ತೇನೆ, ಹಾಗಿದ್ದರೂ ದವಡೆಹಲ್ಲುಗಳ ಸಂದಿಯಲ್ಲಿ ಬಿಳಿಯ ಹಿಟ್ಟಿನಂಥ ಪದಾರ್ಥ ಉಳಿಯುತ್ತದೆ ಎಂದು ಅದರಲ್ಲಿತ್ತು. ಅದನ್ನು ಕೆರೆದು ಶುದ್ಧ ಮಳೆನೀರಿನಲ್ಲಿ ಕದಡಿ ಮಸೂರದಡಿ ಇಟ್ಟು ನೋಡಿದರೆ, ಅದರಲ್ಲಿ ಪುಟಾಣಿ ಜೀವಿಗಳು ಓಡಾಡುತ್ತಿದ್ದವು! ಕೆಲವು ಮೀನಿನಂತೆ ಸರ್ರನೆ ನುಗ್ಗುತ್ತಿದ್ದವು, ಕೆಲವು ಬುಗುರಿಯಂತೆ ತಿರುಗುತ್ತಿದ್ದವು. ಅವನು ಅವುಗಳ ಚಿತ್ರವನ್ನೂ ಬರೆದು ಕಳಿಸಿದ.

ಹುಟ್ಟಿದಾಗಿನಿಂದ ಬಾಯಿ ತೊಳೆಯದ ಒಬ್ಬ ಮುದುಕನ ಹಲ್ಲಿನ ಕೊಳೆಯನ್ನೂ ಲೀವೆನ್‌ಹುಕ್ ನೋಡಿದ. ಅಲ್ಲಿದ್ದ ಜೀವಿಗಳ ದಂಡನ್ನು ಕಂಡು ಅವನೇ ಬೆರಗಾದ. ಮನುಷ್ಯರು ಬ್ಯಾಕ್ಟೀರಿಯಾಗಳ ಚಿತ್ರ ಬರೆದದ್ದು ಅದೇ ಮೊದಲು ಎನ್ನುತ್ತಾರೆ. ಅಂದರೆ ಮಕ್ಕಳೇ, ಬ್ಯಾಕ್ಟೀರಿಯಾಗಳ ಕತೆಯ ಮೊದಲ ಪುಟದಲ್ಲೇ ಹಲ್ಲಿನ ಪಾಚಿ ಇದೆ.

ಆ ಪಾಚಿಯಲ್ಲಿ ಯಾರು ಯಾರಿದ್ದಾರೆ? ಮನುಷ್ಯರ ಬಾಯಲ್ಲಿ ಇದುವರೆಗೆ ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದಾರೆ. ಎಲ್ಲವೂ ಎಲ್ಲರ ಬಾಯಲ್ಲೂ ಇರುವುದಿಲ್ಲ. ಕೆಲವು ಬಗೆಗಳನ್ನು ಇಂದಿಗೂ ಪ್ರಯೋಗಶಾಲೆಯಲ್ಲಿ ಬೆಳೆಸಲು ಆಗಿಲ್ಲ. ಅವುಗಳ ಡಿಎನ್‌ಎ ಸಿಕ್ಕಿದ್ದರಿಂದ ಅವು ಇವೆ ಎಂದು ಗೊತ್ತಾಗಿದೆ. ಒಂದೇ ಬಾಯಲ್ಲಿ ಬೇರೆ ಬೇರೆ ಬೀದಿಗಳೂ ಇವೆ. ನಾಲಿಗೆಯ ಮೇಲೆ ಇರುವವರು ಬೇರೆ, ಕೆನ್ನೆಯ ಒಳಗೆ ಇರುವವರು ಬೇರೆ, ಒಸಡಿನ ಸಂದಿಯಲ್ಲಿ ಇರುವವರು ಬೇರೆ.

ಇವರೆಲ್ಲ ಕೆಟ್ಟವರೇನಲ್ಲ. ನಾವು ಸೊಪ್ಪು ತಿಂದಾಗ ಅದರಲ್ಲಿರುವ ನೈಟ್ರೇಟ್ ಎಂಬ ಪದಾರ್ಥ ರಕ್ತದಿಂದ ಜೊಲ್ಲಿಗೆ ಬರುತ್ತದೆ. ನಾಲಿಗೆಯ ಮೇಲಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಬದಲಾಯಿಸುತ್ತವೆ. ಅದರಿಂದ ನಮ್ಮ ದೇಹ ರಕ್ತನಾಳಗಳನ್ನು ಸಡಿಲಗೊಳಿಸುವ ಪದಾರ್ಥವನ್ನು ಮಾಡಿಕೊಳ್ಳುತ್ತದೆ. ಆ ಕೆಲಸಕ್ಕೆ ನಮಗೆ ಅವು ಬೇಕು. ಹಲ್ಲಿನ ಮೇಲೆ ಕೂರುವ ಸ್ಟ್ರೆಪ್ಟೊಕಾಕಸ್ ಬಳಗದ ಕೆಲವು ಬಗೆಗಳು ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸುತ್ತವೆ. ಗಾಯ ತೊಳೆಯಲು ಬಳಸುತ್ತಾರಲ್ಲ, ಅದೇ. ಒಸಡನ್ನು ಕೆಡಿಸುವ ಕೆಲವು ಬ್ಯಾಕ್ಟೀರಿಯಾಗಳಿಗೆ ಅದು ಆಗದು. ಹೀಗೆ ಒಳ್ಳೆಯ ನೆರೆಯವರು ಕೆಟ್ಟವರನ್ನು ದೂರ ಇಡುತ್ತಾರೆ.

ಹಾಗಾದರೆ ಊರು ಕೆಡುವುದು ಹೇಗೆ?

ಈಗ ತಾನೇ ಹಲ್ಲುಜ್ಜಿದ್ದೀರಿ ಎಂದುಕೊಳ್ಳಿ. ಕೆಲವೇ ನಿಮಿಷಗಳಲ್ಲಿ ಜೊಲ್ಲಿನಲ್ಲಿರುವ ಪ್ರೊಟೀನುಗಳು ಹಲ್ಲಿನ ಮೇಲೆ ತೆಳುವಾದ ಪೊರೆ ಬಳಿಯುತ್ತವೆ. ಅದರ ಮೇಲೆ ಮೊದಲು ಬಂದು ಕೂರುವವರು ಸ್ಟ್ರೆಪ್ಟೊಕಾಕಸ್‌ನಂಥ ದುಂಡನೆಯವರು. ಇವರು ಗಾಳಿ ಬೆಳಕಿನ ಹೊಸ ಬಡಾವಣೆಗೆ ಮೊದಲು ಬರುವ ಸಭ್ಯ ಸಂಸಾರಸ್ಥರಂತೆ. ಅವರ ಬೆನ್ನಿಗೆ ಅಂಟಿಕೊಂಡು ಇತರರು ಬರುತ್ತಾರೆ. ಫ್ಯೂಸೊಬ್ಯಾಕ್ಟೀರಿಯಂ ಎಂಬುದೊಂದಿದೆ, ಉದ್ದನೆಯ ಕದಿರಿನ ಆಕಾರದ್ದು. ಅದಕ್ಕೆ ಎಲ್ಲರ ಸ್ನೇಹವೂ ಬೇಕು. ಒಂದು ಕೈಯಲ್ಲಿ ಮೊದಲು ಬಂದವರನ್ನು ಹಿಡಿದುಕೊಂಡು, ಇನ್ನೊಂದು ಕೈಯನ್ನು ಕೊನೆಗೆ ಬರುವವರಿಗೆ ಚಾಚುತ್ತದೆ. ಹೀಗೆ ಸೇತುವೆಯಾಗುತ್ತದೆ.

2016ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದೊಂದು ಬಳಗದ ಬ್ಯಾಕ್ಟೀರಿಯಾಕ್ಕೂ ಒಂದೊಂದು ಹೊಳೆಯುವ ಬಣ್ಣ ಕೊಟ್ಟು ಹಲ್ಲಿನ ಪಾಚಿಯ ಫೋಟೊ ತೆಗೆದರು. ಅದು ಸುಮ್ಮನೆ ಬಿದ್ದ ಕಸದ ರಾಶಿಯಂತೆ ಇರಲಿಲ್ಲ. ಉದ್ದ ಎಳೆಗಳಂಥ ಬ್ಯಾಕ್ಟೀರಿಯಾಗಳು ಮುಳ್ಳುಹಂದಿಯ ಮುಳ್ಳಿನಂತೆ ಹೊರಕ್ಕೆ ಚಾಚಿದ್ದವು. ಆ ಎಳೆಗಳ ತುದಿಯಲ್ಲಿ ದುಂಡನೆಯವು ಮುಸುಕಿನ ಜೋಳದ ತೆನೆಯಲ್ಲಿ ಕಾಳು ಜೋಡಿಸಿದಂತೆ ಸುತ್ತ ಕೂತಿದ್ದವು. ಗಾಳಿ ಬೇಕಾದವರು ಹೊರಗೆ, ಗಾಳಿ ಬೇಡದವರು ಒಳಗೆ. ಯಾರ ಮನೆ ಎಲ್ಲಿ ಎಂಬುದಕ್ಕೂ ಒಂದು ಕ್ರಮವಿತ್ತು.

ಪಾಚಿ ದಪ್ಪವಾದಷ್ಟೂ ಅದರ ತಳಕ್ಕೆ, ಒಸಡಿನ ಸಂದಿಗೆ, ಆಮ್ಲಜನಕ ತಲುಪುವುದು ಕಡಿಮೆಯಾಗುತ್ತದೆ. ಆಗ ಕೊನೆಯವರು ಬರುತ್ತಾರೆ. ಇವರಿಗೆ ಆಮ್ಲಜನಕ ಆಗದು.

ಈ ಬದಲಾವಣೆಗೆ ಎಷ್ಟು ದಿನ ಬೇಕು? ಇದನ್ನು ಪರೀಕ್ಷೆ ಮಾಡಿದವರಿದ್ದಾರೆ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹೆರಾಲ್ಡ್ ಲೋ ಮತ್ತು ಅವರ ಸಂಗಡಿಗರು ಹನ್ನೆರಡು ಮಂದಿ ಆರೋಗ್ಯವಂತರನ್ನು ಒಪ್ಪಿಸಿ ಹಲ್ಲುಜ್ಜುವುದನ್ನು ನಿಲ್ಲಿಸಿಸಿದರು. ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳೇ. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಹನ್ನೆರಡು ಮಂದಿಯ ಒಸಡೂ ಕೆಂಪಾಗಿ ಊದಿಕೊಂಡಿತು. ದಿನ ಕಳೆದಂತೆ ಪಾಚಿಯಲ್ಲಿದ್ದ ಬ್ಯಾಕ್ಟೀರಿಯಾಗಳೂ ಬದಲಾದವು. ಮೊದಲು ದುಂಡನೆಯವು, ಆಮೇಲೆ ಎಳೆಯಂಥವು, ಕೊನೆಗೆ ಸುರುಳಿಯಾಗಿ ಓಡಾಡುವಂಥವು. ಮತ್ತೆ ಹಲ್ಲುಜ್ಜಲು ಶುರುಮಾಡಿದರು. ಸುಮಾರು ಒಂದು ವಾರದಲ್ಲಿ ಒಸಡು ಮೊದಲಿನಂತಾಯಿತು. ಇದು ಪ್ರಕಟವಾದದ್ದು 1965ರಲ್ಲಿ.

ಹಿರಿಯರೇ, ಈ ಪ್ರಯೋಗವನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ವರ್ಷ ಅಮ್ಮನಿಗೆ ಇನ್ನೂ ಮೂವತ್ತೂ ಆಗಿರಲಿಲ್ಲ. ಬಾಯಲ್ಲಿ ಎಲ್ಲ ಹಲ್ಲೂ ಇದ್ದವು.

ಇಷ್ಟು ಹೇಳುವಾಗ ಪುಟ್ಟಿ ನಡುವೆ ಬಾಯಿ ಹಾಕಿದಳು.

"ತಾತ, ಕಾಡಿನಲ್ಲಿ ಜಾಸ್ತಿ ಬಗೆ ಗಿಡ, ಪ್ರಾಣಿ ಇದ್ರೆ ಒಳ್ಳೇದು ಅಂತ ನಮ್ಮ ಪಾಠದಲ್ಲಿದೆ. ಬಾಯಲ್ಲೂ ಜಾಸ್ತಿ ಬಗೆ ಇದ್ರೆ ಒಳ್ಳೇದಲ್ವಾ?"

ಒಳ್ಳೆಯ ಪ್ರಶ್ನೆ. ಒಸಡಿನ ಸಂದಿಯ ವಿಷಯದಲ್ಲಿ ಉತ್ತರ ಸ್ವಲ್ಪ ತಲೆಕೆಳಗು. ಒಸಡು ರೋಗದ ಜೇಬುಗಳಲ್ಲಿ ಬ್ಯಾಕ್ಟೀರಿಯಾಗಳ ಬಗೆಗಳು ಆರೋಗ್ಯವಂತ ಸಂದಿಗಿಂತ ಹೆಚ್ಚಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕಾರಣ ಇಷ್ಟೇ. ಆರೋಗ್ಯವಾದ ಸಂದಿ ಚಿಕ್ಕದು, ಅಲ್ಲಿ ಊಟವೂ ಕಡಿಮೆ. ಒಸಡು ಊದಿಕೊಂಡಾಗ ಸಂದಿ ಆಳವಾಗುತ್ತದೆ, ರಕ್ತ ಮತ್ತು ರಸ ಒಸರುತ್ತದೆ. ಊಟವೂ ಸಿಕ್ಕಿತು, ಜಾಗವೂ ಸಿಕ್ಕಿತು! ಎಲ್ಲೆಲ್ಲಿಂದಲೋ ಬಂದವರು ಬಿಡಾರ ಹೂಡುತ್ತಾರೆ. ಜಾತ್ರೆಯ ದಿನ ಬೀದಿಯಲ್ಲಿ ಬಗೆಬಗೆಯ ಜನ ಸೇರಿದರೆಂದು ಊರಿನ ಆರೋಗ್ಯ ಚೆನ್ನಾಗಿದೆ ಎನ್ನಲಾಗುತ್ತದೆಯೇ? ಬಗೆ ಎಷ್ಟು ಎಂಬುದಕ್ಕಿಂತ ಯಾರ ಕೈ ಮೇಲಾಗಿದೆ ಎಂಬುದು ಇಲ್ಲಿ ಮುಖ್ಯ.

ಯಾರ ಕೈ ಮೇಲಾಗುತ್ತದೆ? ಅಮೆರಿಕದ ಬಾಸ್ಟನ್ ನಗರದ ಫಾರ್ಸಿತ್ ಸಂಸ್ಥೆಯಲ್ಲಿ ಸಿಗ್ಮಂಡ್ ಸೊಕ್ರಾನ್ಸ್ಕಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು 185 ಜನರ ಹಲ್ಲುಗಳಿಂದ 13,000ಕ್ಕೂ ಹೆಚ್ಚು ಪಾಚಿಯ ಮಾದರಿಗಳನ್ನು ತೆಗೆದು, 40 ಬಗೆಯ ಬ್ಯಾಕ್ಟೀರಿಯಾಗಳನ್ನು ಹುಡುಕಿದರು. ಯಾವುದು ಯಾವುದರ ಜೊತೆ ಇರುತ್ತದೆ ಎಂದು ಲೆಕ್ಕ ಹಾಕಿದರು. ಅವು ಗುಂಪು ಗುಂಪಾಗಿ ಇರುವುದು ಕಂಡಿತು. ಗುಂಪುಗಳಿಗೆ ಹಳದಿ, ಹಸಿರು, ನೇರಳೆ, ಕಿತ್ತಳೆ, ಕೆಂಪು ಎಂದು ಬಣ್ಣದ ಹೆಸರಿಟ್ಟರು. ಇದು 1998ರ ಮಾತು. ಕೆಂಪು ಗುಂಪಿನಲ್ಲಿ ಮೂವರು: ಪೋರ್ಫೈರೊಮೊನಾಸ್ ಜಿಂಜಿವಾಲಿಸ್, ಟ್ರೆಪೊನೆಮಾ ಡೆಂಟಿಕೋಲ, ಟ್ಯಾನರೆಲ್ಲಾ ಫಾರ್ಸಿತಿಯಾ. ಆಳವಾದ ಜೇಬು, ರಕ್ತ ಬರುವ ಒಸಡು ಇರುವ ಕಡೆ ಈ ಮೂವರು ಒಟ್ಟಿಗೆ ಇರುವುದು ಹೆಚ್ಚು. ಇವರು ಬರುವ ಮುಂಚೆ ಸಾಮಾನ್ಯವಾಗಿ ಕಿತ್ತಳೆ ಗುಂಪಿನವರು ಬಂದು ಜಾಗ ಹದಮಾಡಿರುತ್ತಾರೆ. ಸೇತುವೆಯಾಗುವ ಫ್ಯೂಸೊಬ್ಯಾಕ್ಟೀರಿಯಂ ಕೂಡ ಆ ಗುಂಪಿನದೇ.

ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ ಮಕ್ಕಳೇ. ಮೊದಲನೆಯವನ ಒಂದು ಗುಣ ನೆನಪಿಟ್ಟುಕೊಳ್ಳಿ. ಪೋರ್ಫೈರೊಮೊನಾಸ್‌ಗೆ ಬದುಕಲು ರಕ್ತದಲ್ಲಿರುವ ಕಬ್ಬಿಣದ ಅಂಶ ಬೇಕು. ಒಸಡಿನಿಂದ ರಕ್ತ ಒಸರಿದಷ್ಟೂ ಅವನಿಗೆ ಹಬ್ಬದೂಟ. ರಕ್ತ ಬರುತ್ತದೆಂದು ಹಲ್ಲುಜ್ಜುವುದನ್ನು ಬಿಟ್ಟು ನಾನು ಎರಡು ವರ್ಷ ಮಾಡಿದ್ದು ಅದನ್ನೇ. ಬಾಗಿಲು ಹಾಕಿ, ಎಲೆ ಹಾಸಿ, ಅವನಿಗೆ ಬಡಿಸಿದೆ.

ಹಾಗೆಂದು ಅವನೊಬ್ಬನನ್ನೇ ಕಳ್ಳ ಎನ್ನುವಂತೆಯೂ ಇಲ್ಲ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಈ ಬ್ಯಾಕ್ಟೀರಿಯಾವನ್ನು ಇಲಿಗಳ ಬಾಯಿಗೆ ಹಾಕಿದರು. ಅದು ಬಹಳ ಕಡಿಮೆ ಸಂಖ್ಯೆಯಲ್ಲಿದ್ದರೂ ಬಾಯಿಯ ಇತರ ಬ್ಯಾಕ್ಟೀರಿಯಾಗಳ ಸಮತೋಲ ಕೆಟ್ಟು, ದವಡೆ ಮೂಳೆ ಕರಗಿತು. ಆದರೆ ದೇಹದಲ್ಲಿ ಬೇರೆ ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಅದನ್ನೇ ಹಾಕಿದಾಗ ಮೂಳೆಗೆ ಏನೂ ಆಗಲಿಲ್ಲ. ಒಬ್ಬನೇ ಇದ್ದಾಗ ಅವನು ಕೆಲಸಕ್ಕೆ ಬಾರದವನು. ಊರವರನ್ನು ಎತ್ತಿಕಟ್ಟಿದಾಗಲೇ ಅವನ ಆಟ.

"ಅಂದ್ರೆ ನಮ್ಮ ಕ್ಲಾಸಿನ ಹಿಂದಿನ ಬೆಂಚಿನ ಒಬ್ಬನ ಥರ," ಎಂದಳು ಪುಟ್ಟಿ. ಯಾರೆಂದು ನಾನು ಕೇಳಲಿಲ್ಲ.

ಇನ್ನೊಂದು ಸೋಜಿಗವಿದೆ. ಮೂಳೆಯನ್ನು ಕರಗಿಸುವುದು ಬಹುಪಾಲು ಬ್ಯಾಕ್ಟೀರಿಯಾ ಅಲ್ಲ, ನಮ್ಮದೇ ದೇಹ. ಬ್ಯಾಕ್ಟೀರಿಯಾಗಳನ್ನು ಓಡಿಸಲು ರಕ್ತದ ಬಿಳಿಕಣಗಳು ಒಸಡಿಗೆ ನುಗ್ಗುತ್ತವೆ. ಜಗಳ ದಿನವೂ, ವರ್ಷಗಟ್ಟಲೆ ನಡೆದರೆ ಅಲ್ಲಿನ ಮೂಳೆ ಹಿಂದೆ ಸರಿಯುತ್ತದೆ. ಹೊಲಕ್ಕೆ ನುಗ್ಗಿದ ದನ ಓಡಿಸಲು ಹೋದವರೇ ಪೈರನ್ನೆಲ್ಲ ತುಳಿದ ಹಾಗೆ. ಒಸಡು ಬರಿದೇ ಊದಿಕೊಂಡಿರುವ ಹಂತದಲ್ಲಿ ಸರಿಮಾಡಿಕೊಂಡರೆ ಎಲ್ಲವೂ ಮೊದಲಿನಂತಾಗುತ್ತದೆ. ಮೂಳೆ ಕರಗಿದ ಮೇಲೆ ಅದು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಅಲ್ಲಿಗೇ ತಡೆದು ನಿಲ್ಲಿಸಬಹುದು, ಅಷ್ಟೆ.

ಎಲ್ಲರ ದೇಹವೂ ಒಂದೇ ರೀತಿ ಜಗಳವಾಡುವುದಿಲ್ಲ ಎನ್ನುವುದನ್ನೂ ಅದೇ ಹೆರಾಲ್ಡ್ ಲೋ ತೋರಿಸಿಕೊಟ್ಟರು. 1970ರಲ್ಲಿ ಅವರ ತಂಡ ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿಯುವ 480 ಗಂಡಸರನ್ನು ಪರೀಕ್ಷಿಸಿತು. ಅವರಿಗೆ ಬ್ರಷ್ ಗೊತ್ತಿರಲಿಲ್ಲ, ದಂತವೈದ್ಯರೂ ಇರಲಿಲ್ಲ. ಎಲ್ಲರ ಹಲ್ಲಿನಲ್ಲೂ ಪಾಚಿ, ಎಲ್ಲರ ಒಸಡೂ ಊದಿತ್ತು. ಹದಿನೈದು ವರ್ಷ ಅವರನ್ನು ಮತ್ತೆ ಮತ್ತೆ ನೋಡಿದರು. ನೂರರಲ್ಲಿ ಸುಮಾರು ಎಂಟು ಮಂದಿಗೆ ರೋಗ ಬಹಳ ಬೇಗ ಬೆಳೆಯಿತು. ಎಂಬತ್ತೊಂದು ಮಂದಿಗೆ ಮೆಲ್ಲಗೆ ಬೆಳೆಯಿತು. ಹನ್ನೊಂದು ಮಂದಿಗೆ ಒಸಡು ಊದಿದ್ದರೂ ರೋಗ ಮುಂದಕ್ಕೆ ಹೋಗಲೇ ಇಲ್ಲ.

"ನಮ್ಮಜ್ಜ ಒಂದು ದಿನವೂ ಬ್ರಷ್ ಮುಟ್ಟಲಿಲ್ಲ, ಎಂಬತ್ತರಲ್ಲೂ ಕಬ್ಬು ಸಿಗಿದು ತಿನ್ನುತ್ತಿದ್ದರು" ಎಂದು ಹೇಳುವವರಿದ್ದಾರಲ್ಲ, ಆ ಅಜ್ಜ ಹನ್ನೊಂದರ ಗುಂಪಿನವರಿರಬೇಕು. ನಾವು ಯಾವ ಗುಂಪು ಎಂದು ಹಣೆಯ ಮೇಲೆ ಬರೆದಿರುವುದಿಲ್ಲ. ಅಮ್ಮನದು ಯಾವ ಗುಂಪೆಂದು ನಮಗೆ ಗೊತ್ತಾದದ್ದು ಹಲ್ಲು ಬಿದ್ದ ಮೇಲೆ.

ಡಾಕ್ಟರಮ್ಮ ನನಗೆ ಹೇಳಿಕೊಟ್ಟದ್ದನ್ನು ಈಗ ನಿಮಗೆ ದಾಟಿಸುತ್ತೇನೆ.

ಒಸಡಿನಲ್ಲಿ ರಕ್ತ ಬಂದರೆ ಆ ಜಾಗವನ್ನು ಬಿಡಬಾರದು. ಮೃದುವಾದ ಬ್ರಷ್ಷನ್ನು ಹಲ್ಲು ಒಸಡು ಸೇರುವ ಗೆರೆಗೆ ಓರೆಯಾಗಿ ಇಟ್ಟು, ಒತ್ತದೆ, ಚಿಕ್ಕದಾಗಿ ಅಲುಗಾಡಿಸಿ ಉಜ್ಜಬೇಕು. ಎರಡು ಹೊತ್ತು, ಎರಡೆರಡು ನಿಮಿಷ. ರಾತ್ರಿಯದನ್ನು ತಪ್ಪಿಸಲೇಬಾರದು. ಹಲ್ಲುಗಳ ನಡುವೆ ಬ್ರಷ್ ಹೋಗುವುದಿಲ್ಲ. ಅಲ್ಲಿಗೆ ದಾರ ಅಥವಾ ಸಂದಿಗೆಂದೇ ಸಿಗುವ ಪುಟ್ಟ ಬ್ರಷ್ ಬೇಕು. ಉದ್ದೇಶ ಎಲ್ಲ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಲ್ಲ, ಅದು ಆಗುವ ಮಾತೂ ಅಲ್ಲ. ಸಭ್ಯ ಸಂಸಾರಸ್ಥರು ಇರಲಿ. ಕೊನೆಗೆ ಬರುವವರು ಮನೆ ಕಟ್ಟುವ ಮುಂಚೆ ದಿನದಿನವೂ ಗುಡಿಸಿಬಿಟ್ಟರೆ ಸಾಕು.

ಹೀಗೆ ಮಾಡಿದರೆ ಒಂದೆರಡು ವಾರದಲ್ಲಿ ರಕ್ತ ನಿಲ್ಲಬೇಕು. ನಿಲ್ಲದಿದ್ದರೆ ಡಾಕ್ಟರ ಬಳಿ ಹೋಗಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ಅವರಿಗೆ ಹೇಳಿ.

ಗುಡಿಸದೆ ಬಿಟ್ಟ ಪಾಚಿ ಜೊಲ್ಲಿನ ಸುಣ್ಣದಂಶ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಅದು ಬ್ರಷ್ಷಿಗೆ ಬರುವುದಿಲ್ಲ. ಡಾಕ್ಟರೇ ತೆಗೆಯಬೇಕು. 'ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ' ಎಂಬ ಮಾತು ನನ್ನ ಕಿವಿಯಲ್ಲೂ ಇತ್ತು. ನಿಜ ಏನೆಂದರೆ ಮೂಳೆ ಮೊದಲೇ ಕರಗಿ ಹಲ್ಲು ಸಡಿಲವಾಗಿರುತ್ತದೆ. ಗಾರೆ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿಟ್ಟು ಅದು ಗೊತ್ತಾಗದಂತೆ ಮಾಡಿರುತ್ತದೆ. ಗಾರೆ ತೆಗೆದಾಗ ಗುಟ್ಟು ರಟ್ಟಾಗುತ್ತದೆ. ಹಾಗೆಯೇ ಇದ್ದಿಲು, ಇಟ್ಟಿಗೆ ಪುಡಿ, ಒರಟು ಉಪ್ಪು ಹಾಕಿ ತಿಕ್ಕಿದರೆ ಹಲ್ಲೂ ಸವೆಯುತ್ತದೆ, ಒಸಡೂ ತರಚುತ್ತದೆ.

ಹಿರಿಯರಿಗೆ ಇನ್ನೆರಡು ಮಾತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ಒಸಡು ಬೇಗ ಕೆಡುತ್ತದೆ. ಒಸಡು ಕೆಟ್ಟರೆ ಸಕ್ಕರೆಯನ್ನು ಹತೋಟಿಗೆ ತರುವುದೂ ಕಷ್ಟ. ಎರಡನ್ನೂ ಒಟ್ಟಿಗೆ ನೋಡಿಕೊಳ್ಳಬೇಕು. ಬೀಡಿ, ಸಿಗರೇಟು ಸೇದುವವರ ಒಸಡಿನಲ್ಲಿ ರಕ್ತ ಬರುವುದು ಕಡಿಮೆ. ಅದನ್ನು ಆರೋಗ್ಯ ಎಂದುಕೊಳ್ಳಬೇಡಿ. ಹೊಗೆಯಿಂದಾಗಿ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ, ಒಳಗೆ ಮೂಳೆ ಕರಗುವುದು ಮಾತ್ರ ಇನ್ನೂ ಜೋರಾಗಿ ನಡೆಯುತ್ತಿರುತ್ತದೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರಿಗೆ ಒಸಡಿನ ಚಿಂತೆಯ ಜೊತೆ ಬಾಯಿ ಕ್ಯಾನ್ಸರಿನ ಭಯವೂ ಇದೆ.

ನನ್ನ ದವಡೆಹಲ್ಲು ಹೋಯಿತು. ಮಿಕ್ಕ ಜೇಬುಗಳನ್ನು ಡಾಕ್ಟರಮ್ಮ ನಾಲ್ಕು ಸಲ ಕೂರಿಸಿಕೊಂಡು ಆಳದವರೆಗೆ ಚೊಕ್ಕ ಮಾಡಿದರು. ಮೂರು ತಿಂಗಳ ನಂತರ ಮತ್ತೆ ಕಡ್ಡಿ ಇಳಿಸಿ ಲೆಕ್ಕ ಹೇಳಿದರು. ಆರು ಇದ್ದದ್ದು ನಾಲ್ಕಾಗಿತ್ತು, ಐದು ಇದ್ದದ್ದು ಮೂರಾಗಿತ್ತು. ಪಕ್ಕದಲ್ಲಿ ನಿಂತಿದ್ದ ಪುಟ್ಟಿ ಪರೀಕ್ಷೆಯ ಅಂಕ ಕೇಳಿದವಳಂತೆ ಕೈ ತಟ್ಟಿದಳು. ಕಡಿಮೆ ಬಂದದ್ದಕ್ಕೆ ನನ್ನನ್ನು ಹೊಗಳಿದ ಪರೀಕ್ಷೆ ಇದೊಂದೇ!

ಆಮೇಲೆ ಡಾಕ್ಟರಮ್ಮ, "ಬಾಮ್ಮ, ನೀನೂ ಬಾಯಿ ತೆಗಿ," ಎಂದರು. ಅವಳ ಕೆಳಗಿನ ಮುಂಬಲ್ಲುಗಳ ಹಿಂದೆ ಒಸಡು ಕೆಂಪಾಗಿತ್ತು. ಮುಟ್ಟಿದರೆ ಒಂದು ಹನಿ ರಕ್ತ. ರಾತ್ರಿ ಹಲ್ಲುಜ್ಜದೆ ಮಲಗುವ ಗುಟ್ಟು ಬಯಲಾಯಿತು. ಅವಳ ಜಂಬವೆಲ್ಲ ಇಳಿದುಹೋಯಿತು.

"ತಾತ, ನನಗೂ ಅಜ್ಜಮ್ಮನ ಥರ ಹಲ್ಲು ಬಿದ್ದುಹೋಗುತ್ತಾ?" ಎಂದು ದಾರಿಯುದ್ದಕ್ಕೂ ಕೇಳಿದಳು. ಅವಳು ಫೋಟೊದಲ್ಲಿ ಮಾತ್ರ ನೋಡಿರುವ ನನ್ನ ಅಮ್ಮನೇ ಆ ಅಜ್ಜಮ್ಮ.

"ಇಲ್ಲ. ನಿನ್ನದು ಡೆನ್ಮಾರ್ಕಿನವರ ಒಸಡು. ಒಂದು ವಾರ ಸಾಕು," ಎಂದೆ.

ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಈಗ ದಿನಕ್ಕೆ ನಾಲ್ಕು ಗುರುತು ಬೀಳುತ್ತವೆ. ಎರಡು ಅವಳದು, ಎರಡು ನನ್ನದು. ಒಂಬತ್ತನೇ ದಿನ ಅವಳು ಉಗುಳಿದ ನೀರು ಬಿಳಿಯಾಗಿತ್ತು.

ಮಕ್ಕಳೇ, ಇವತ್ತು ರಾತ್ರಿ ನಿಮಗೊಂದು ಕೆಲಸ. ಮನೆಯಲ್ಲಿರುವ ಅಜ್ಜನನ್ನೋ ಅಜ್ಜಿಯನ್ನೋ ಬಚ್ಚಲಿಗೆ ಕರೆದುಕೊಂಡು ಹೋಗಿ, ಒಟ್ಟಿಗೆ ಹಲ್ಲುಜ್ಜಿ. ಅವರು ಉಗುಳಿದ ನೀರನ್ನು ನೀವು ನೋಡಿ, ನಿಮ್ಮದನ್ನು ಅವರು ನೋಡಲಿ. ಕೆಂಪು ಕಂಡರೆ "ವಯಸ್ಸಾಯ್ತಲ್ಲ" ಎನ್ನುವ ಮಾತನ್ನು ಮಾತ್ರ ಒಪ್ಪಬೇಡಿ.

ಮುಂದಿನ ಹಬ್ಬಕ್ಕೆ ನಮ್ಮ ಮನೆಯಲ್ಲಿ ಅಮ್ಮನ ಕೈಯಳತೆಯಲ್ಲೇ ಚಕ್ಕುಲಿ ಮಾಡಬೇಕೆಂದು ಮಾತಾಗಿದೆ. ನಾನು ಬಲಗಡೆಯಲ್ಲಿ ಅಗಿಯುತ್ತೇನೆ. ಕಾಫಿಯನ್ನು ಬೇರೆಯಾಗಿ ಕುಡಿಯುತ್ತೇನೆ.